ಮೇಷ್ಟ್ರು ಸಾಕಿದ ಜಿಗಣೆ

ಬ್ರಿಟಿಷರ ಕಾಲದಲ್ಲಿ ಮೂರ್ನಾಡಿನ ನಮ್ಮ ಮೇಷ್ಟ್ರು ಶಾಲೆಯ ಕಿಟಕಿಯಲ್ಲಿ, ನೀರು ತುಂಬಿದ ಬಾಟ್ಲಿಯಲ್ಲಿ ಒಂದು ಜಿಗಣೆ ಸಾಕಿದ್ದರು. ಅದು ಮೇಲೆ ಹತ್ತಿದರೆ ಮಳೆ, ಇಲ್ಲದಿದ್ದರೆ ಬಿಸಿಲು. “ಪುಸ್ತಕದಲ್ಲೇ ಉಂಟು” ಎನ್ನುತ್ತ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಕಾಫಿ ಒಣಗಿಸುವ ದಿನಗಳಲ್ಲೊಂದು ಬೆಳಿಗ್ಗೆ, “ಜಿಗಣೆ ಮೇಲೆ ಕಾಣ್ತಿಲ್ಲ, ಧೈರ್ಯವಾಗಿ ಹರವಿ” ಎಂದರು. ಅಪ್ಪ ವರ್ಷದ ಕಾಫಿಯನ್ನೆಲ್ಲ ಕಣದಲ್ಲಿ ಹರವಿದರು. ಮಧ್ಯಾಹ್ನದೊಳಗೆ ಮಳೆ ಸುರಿಯಿತು. ಮೇಷ್ಟ್ರು ಓಡಿಬಂದು, ಪಂಚೆ ಎತ್ತಿಕಟ್ಟಿ, ನಮ್ಮೊಡನೆ ಕಾಫಿ ಬಾಚತೊಡಗಿದರು.

“ಅಯ್ಯೋ ಮೇಷ್ಟ್ರೇ, ನಿಮ್ಮ ಕಾಲಲ್ಲಿ ರಕ್ತ!” ಎಂದರು ಅಮ್ಮ.

ಬೆಳಿಗ್ಗೆಯೇ ಬಾಟ್ಲಿ ಬಿಟ್ಟಿದ್ದ ಜಿಗಣೆ ಅವರ ಮೊಣಕಾಲಿನ ಹತ್ತಿರ ದಪ್ಪಗೆ ಕೂತಿತ್ತು. ಮೇಷ್ಟ್ರ ಮುಖ ಅರಳಿತು.

“ನೋಡಿ ಮಾರಾಯ್ರೇ, ಮೇಲೆ ಹತ್ತಿದೆ! ಪುಸ್ತಕದಲ್ಲೇ ಉಂಟು!”

ಸಿಟ್ಟಿನಲ್ಲಿದ್ದ ಅಪ್ಪನೂ ನಕ್ಕುಬಿಟ್ಟರು. ಇಂದಿಗೂ ಮೋಡ ಕವಿದರೆ ನಾನು ಮೊದಲು ನೋಡುವುದು ನನ್ನ ಕಾಲನ್ನು.