ಮೂರು ಸಲ ನಲವತ್ತು

ಇಂದು ಮಧ್ಯಾಹ್ನ ಎರಡು ಗಂಟೆಗೆ, ನನ್ನ ತಮ್ಮನ ಕೆಮ್ಮುತ್ತಿರುವ ಮಗುವಿನ ಉಸಿರಾಟ ನಿಮಿಷಕ್ಕೆ ನಲವತ್ತೆರಡು. ಎಣಿಸಿದವಳು ನಾನು.

ನಾನು ಚಿಕ್ಕವಳಿದ್ದಾಗ ಕತ್ರಿಗುಪ್ಪೆಯ ನಮ್ಮ ಮನೆಯ ಮಹಡಿಯಲ್ಲಿ ಹುಬ್ಬಳ್ಳಿ ಕಡೆಯ ನರ್ಸ್ ಆಂಟಿ ಬಾಡಿಗೆಗಿದ್ದರು. ಆಗ ಕೈಗೂಸಾಗಿದ್ದ ನನ್ನ ತಮ್ಮನಿಗೂ ಹೀಗೇ ಕೆಮ್ಮು ಬಂತು. ಗಂಟೆಗೊಮ್ಮೆ ಅವನ ಹೊಟ್ಟೆಯ ಏರಿಳಿತ ಎಣಿಸಿ ಬರೆದಿಡಲು ನನಗೆ ಹೇಳಿ ಆಂಟಿ ಡ್ಯೂಟಿಗೆ ಹೋದರು. ನಾನು ಟಿವಿ ಮುಂದೆ ಕುಳಿತು ಮೂರು ಸಲವೂ ನಲವತ್ತೆಂದು ಬರೆದೆ.

ಸಂಜೆ ಚೀಟಿ ನೋಡಿದ ಆಂಟಿ, "ಖರೇನ ಎಣಿಸಿಯೇನವಾ?" ಎಂದರು.

"ಹೂಂ ಆಂಟಿ."

ಅವರೇ ಎಣಿಸಿದರು. ಅರವತ್ತೆಂಟು. ತಕ್ಷಣ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು, ನ್ಯುಮೋನಿಯಾ. ಚೀಟಿಯ ವಿಷಯ ಆಂಟಿ ಯಾರಿಗೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಇವತ್ತು ಅಮ್ಮ ತಮ್ಮನಿಗೆ, "ಅಕ್ಕನೇ ಎಣಿಸ್ಲಿ ಬಿಡು. ಅವತ್ತು ಅವಳು ಎಣಿಸಿದ್ದಕ್ಕೇ ನೀನು ಉಳ್ಕೊಂಡೆ" ಎಂದರು. ನಾನು ತಿದ್ದಲಿಲ್ಲ.

ಮುಂದಿನ ಎಣಿಕೆ ಮೂರು ಗಂಟೆಗೆ.