ಒಂದು ಹೆಸರಿಗಾಗಿ ಲಂಡನ್ ಸುತ್ತಿದ್ದು

2010ರ ಅಕ್ಟೋಬರ್ ತಿಂಗಳ ಒಂದು ಮಂಗಳವಾರ ನಾನು ಮತ್ತು ನನ್ನ ತಂಗಿಯ ನೆರೆಮನೆಯ ನಸ್ರೀನ್ ಗ್ರೀನ್‌ಫರ್ಡ್ ಸ್ಟೇಷನ್ನಿನಿಂದ ಹೊರಟೆವು. ಇಲ್ಲಿ ಟ್ಯೂಬ್ ಎಂಬ ಸುರಂಗ ರೈಲು ಹಿಡಿಯಲು ನೆಲದೊಳಕ್ಕೆ ಇಳಿಯಬೇಕಿಲ್ಲ, ಹಳೆಯ ಮರದ ಎಸ್ಕಲೇಟರ್ ಮೇಲೆ ನಿಂತು ಮೇಲಕ್ಕೆ ಹೋಗಬೇಕು. ಒಂಬತ್ತೂವರೆ ದಾಟಿದ ಮೇಲೆ ಇಡೀ ದಿನದ ಟಿಕೆಟ್ಟು ಆರು ಪೌಂಡು ಚಿಲ್ಲರೆಗೆ ಸಿಗುತ್ತದೆ ಎಂದು ತಂಗಿ ಸುಮಂಗಲಾ ಹೇಳಿದ್ದರಿಂದ ಗೇಟಿನ ಹತ್ತಿರ ಚಳಿಯಲ್ಲಿ ಸ್ವಲ್ಪ ಕಾದು ನಿಂತೆವು.

ಗುಲಬರ್ಗಾದಲ್ಲಿ ನಾನು ವಕೀಲಿ ಮಾಡುತ್ತಿದ್ದೆ, ಹೆಚ್ಚಿನವು ಲಾರಿ, ಬಸ್ಸು ಅಪಘಾತದ ಪರಿಹಾರದ ಕೇಸುಗಳು. ನಿವೃತ್ತನಾದ ಮೇಲೆ ತಂಗಿಯ ಮನೆಗೆಂದು ಬಂದಿದ್ದೆ. ಅರಮನೆ, ಸೇತುವೆ, ಮ್ಯೂಸಿಯಂ ನೋಡುವುದೆಲ್ಲ ಮುಗಿದಿತ್ತು. ನಸ್ರೀನ್ ಪಾಕಿಸ್ತಾನದ ಗಡಿಭಾಗದ ವಜೀರಿಸ್ತಾನದವಳು. ಇಂಗ್ಲಿಷ್ ಅಷ್ಟಕ್ಕಷ್ಟೇ. ನನ್ನ ಗುಲಬರ್ಗಾ ಉರ್ದು ಕೇಳಿ ದುಪಟ್ಟಾದ ಮರೆಯಲ್ಲಿ ನಗುತ್ತಿದ್ದಳು, ಆದರೂ ಅದೇ ನಮ್ಮಿಬ್ಬರ ನಡುವಿನ ಭಾಷೆಯಾಗಿತ್ತು.

ಹಿಂದಿನ ತಿಂಗಳು ಅಲ್ಲಿ ಊರಿನಲ್ಲಿ ಅವಳ ಅಣ್ಣ ಗುಲ್ ರಹೀಮ್ ಸತ್ತಿದ್ದ. ಪಿಕಪ್ ಗಾಡಿಯಲ್ಲಿ ಹಿಟ್ಟಿನ ಚೀಲ, ಪ್ರಯಾಣಿಕರನ್ನು ಸಾಗಿಸಿ ಬದುಕುತ್ತಿದ್ದವನು ಕಟ್ಟಿಗೆ ವ್ಯಾಪಾರಿಯೊಬ್ಬನ ಮನೆಯಲ್ಲಿ ಚಹಾಕ್ಕೆ ಕೂತಿದ್ದಾಗ, ಪೈಲಟ್ ಇಲ್ಲದ ಡ್ರೋನ್ ವಿಮಾನದಿಂದ ಕ್ಷಿಪಣಿ ಬಂದು ಬಿತ್ತು. ವ್ಯಾಪಾರಿ ಮತ್ತು ಅವನ ಇಬ್ಬರು ಗಂಡುಮಕ್ಕಳೂ ಅಲ್ಲೇ ಹೋದರು. ಲಂಡನ್ನಿನ ಪತ್ರಿಕೆಯೊಂದರಲ್ಲಿ ಇದು ಒಂದೇ ಸಾಲಿನ ಸುದ್ದಿಯಾಗಿ ಬಂತು: ನಾಲ್ವರು ಉಗ್ರರ ಹತ್ಯೆ.

ಆ ಸಾಲು ತಪ್ಪು ಎಂದು ಪತ್ರಿಕೆಯವರಿಗೆ ಹೇಳಬೇಕು, ಅಷ್ಟೇ ಅವಳ ಬೇಡಿಕೆ. ಗೋದಾಮಿನಲ್ಲಿ ಪಾಳಿ ಕೆಲಸ ಮಾಡುವ ಅವಳ ಗಂಡ ಬೇಡವೆಂದಿದ್ದ. ಅವರ ಪೌರತ್ವದ ಅರ್ಜಿ ಇನ್ನೂ ಸರಕಾರದ ಮುಂದಿತ್ತು. ಉಗ್ರನೆಂದು ಅಚ್ಚಾದವನ ತಂಗಿ ನಾನು ಎಂದು ತಾನಾಗಿ ಹೋಗಿ ಹೇಳಿಕೊಳ್ಳುವುದು ಯಾವ ಜಾಣತನ ಎಂದು ಕೇಳಿದ್ದನಂತೆ. ಅವನದೂ ಸುಳ್ಳಲ್ಲ.

ಸೆಂಟ್ರಲ್ ಲೈನಿನಲ್ಲಿ ಬ್ಯಾಂಕ್ ಸ್ಟೇಷನ್ನಿಗೆ ಬಂದಿಳಿದು, ತುಂತುರು ಮಳೆಯಲ್ಲಿ ಪತ್ರಿಕಾ ಕಚೇರಿ ಹುಡುಕಿಕೊಂಡು ಹೋದೆವು. ಅಪಾಯಿಂಟ್‌ಮೆಂಟ್ ಇದೆಯೇ ಎಂದು ಕೇಳಿದರು. ಇಲ್ಲ. ಫೋನಿನಲ್ಲಿ ಕೇಳಿದರೆ ಇಮೇಲ್ ಮಾಡಿ ಎನ್ನುತ್ತಾರೆ, ಇಮೇಲಿಗೆ ಉತ್ತರವಿಲ್ಲ ಎಂದೆ. ಸೋಫಾ ತೋರಿಸಿದರು. ಮಧ್ಯಾಹ್ನದ ಹೊತ್ತಿಗೆ ತಿದ್ದುಪಡಿ ವಿಭಾಗದ ಯುವಕನೊಬ್ಬ ಇಳಿದು ಬಂದ. ಅವನು ಒರಟಾಗಿದ್ದಿದ್ದರೆ ಎಷ್ಟೋ ವಾಸಿಯಿತ್ತು. ಒಂದೊಂದು ಮಾತಿಗೂ ಸಾರಿ ಅನ್ನುತ್ತ ಏನನ್ನೂ ಕೊಡದ ಆ ಸೌಜನ್ಯದಿಂದ ನನಗೆ ತಲೆ ಸಿಡಿಯತೊಡಗಿತು.

ಸುದ್ದಿ ಅಧಿಕಾರಿಗಳಿಂದ ಬಂದದ್ದು ಎಂದ. ಯಾವ ದೇಶದ ಅಧಿಕಾರಿಗಳು ಎಂದು ಕೇಳಿದೆ. ಗೊತ್ತಿಲ್ಲ. ನಿಮ್ಮವರು ಯಾರಾದರೂ ಅಲ್ಲಿಗೆ ಹೋಗಿ ನೋಡಿದ್ದಾರೆಯೇ? ಹೋಗಲು ಬಿಡುವುದಿಲ್ಲ, ಅಪಾಯ. ಹಾಗಾದರೆ ಸತ್ತವರು ಉಗ್ರರೆಂದು ತಿಳಿದದ್ದು ಹೇಗೆ? ಅವನು ಮೇಲೆ ಹೋಗಿ ಯಾರನ್ನೋ ಕೇಳಿಕೊಂಡು ಬಂದು, ಬೇಕಾದರೆ ‘ಶಂಕಿತ’ ಎಂಬ ಪದ ಸೇರಿಸುತ್ತೇವೆ ಎಂದ. ನಾಲ್ವರು ಶಂಕಿತ ಉಗ್ರರು.

ರಾಜಿ ಮಾಡಿಸಿ ರೂಢಿಯಾದ ನನಗೆ ಅದು ಕಡಿಮೆಯದಲ್ಲ ಎನಿಸಿತು. ಒಪ್ಪಿಕೋ ಎಂದು ನಸ್ರೀನಳಿಗೆ ಉರ್ದುವಿನಲ್ಲಿ ಹೇಳಿದೆ. ಅವಳು ಹುಡುಗನನ್ನೇ ನೋಡುತ್ತ, “ಇಷ್ಟು ದಿನ ಆ ಸುಳ್ಳು ಅವರೊಬ್ಬರದೇ ಆಗಿತ್ತು, ವಕೀಲ್ ಸಾಹೇಬ್,” ಎಂದಳು. “ಈ ಪದಕ್ಕೆ ಹೂಂ ಅಂದರೆ ಅದರಲ್ಲಿ ನನ್ನದೂ ಪಾಲು. ಹೆಸರು ಬರೆಯಲಿ. ಗಾಡಿ ಓಡಿಸುತ್ತಿದ್ದ ಅಂತ ಬರೆಯಲಿ.”

ಅದನ್ನು ಯುವಕನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಹಾಗೆ ಬರೆಯಬೇಕಾದರೆ ಹೇಳುವವರ ಹೆಸರೂ ಅಚ್ಚಾಗಬೇಕು, ಯಾರೋ ಹೇಳಿದರು ಎಂದು ಹಾಕಲಾಗುವುದಿಲ್ಲ ಎಂದ. ಯಾರೋ ಅಧಿಕಾರಿಗಳು ಹೇಳಿದ್ದನ್ನು ಹಾಕಿದ್ದಿರಲ್ಲ ಎಂದೆ. ಮತ್ತೆ ಸಾರಿ ಅಂದ.

ಹೆಸರು ಕೊಡುವ ಮೊದಲು ಇಲ್ಲಿನ ವಕೀಲರೊಬ್ಬರನ್ನು ಕೇಳೋಣವೆಂದು ಮಾನ್ಯುಮೆಂಟ್ ಸ್ಟೇಷನ್ನಿನಿಂದ ಡಿಸ್ಟ್ರಿಕ್ಟ್ ಲೈನ್ ಹಿಡಿದು ಈಸ್ಟ್ ಹ್ಯಾಮ್‌ಗೆ ಹೋದೆವು. ಹೈ ಸ್ಟ್ರೀಟ್ ನಾರ್ತ್‌ನಲ್ಲಿ ದೋಸೆ ತಿಂದೆವು. ಸಾಂಬಾರು ಸಿಹಿ ಇಲ್ಲದೆ ಚೆನ್ನಾಗಿತ್ತು, ಆದರೆ ನಸ್ರೀನ್ ಅರ್ಧಕ್ಕೇ ತಟ್ಟೆ ಸರಿಸಿದಳು. ಸೀರೆ ಅಂಗಡಿಯೊಂದರ ಮಾಳಿಗೆಯ ಮೇಲೆ ಸುಮಂಗಲಾಳ ಗೆಳತಿ ಶೈಲಜಾಳ ಕಚೇರಿ. ಧಾರವಾಡದ ಈ ಹೆಣ್ಣುಮಗಳು ಇಲ್ಲಿ ಸಾಲಿಸಿಟರ್.

ಕಾನೂನಿನ ಬಾಗಿಲು ಯಾವುದಾದರೂ ತೆರೆದಿದೆಯೇ ಎಂದು ಕೇಳಿದೆ. ಒಂದೊಂದಾಗಿ ಮುಚ್ಚಿ ತೋರಿಸಿದಳು. ಪರದೇಶದ ಸರಕಾರ ಮಾಡಿದ್ದನ್ನು ಇಲ್ಲಿನ ಕೋರ್ಟು ವಿಚಾರಿಸಲು ಹೋಗುವುದಿಲ್ಲ. ಪಾಕಿಸ್ತಾನದ ಹೈಕೋರ್ಟಿನ ಅಧಿಕಾರ ಆ ಬುಡಕಟ್ಟು ಪ್ರದೇಶಕ್ಕೆ ಸಲ್ಲುವುದಿಲ್ಲ. ಯುದ್ಧದ ನಿಯಮ ಎನ್ನೋಣವೆಂದರೆ ಅಲ್ಲಿ ಯುದ್ಧ ನಡೆದಿದೆ ಎಂದು ಯಾರೂ ಘೋಷಿಸಿಲ್ಲ. ಪೊಲೀಸ್ ಕಾನೂನು ಎಂದರೆ ಪೊಲೀಸರು ಆಕಾಶದಿಂದ ಕ್ಷಿಪಣಿ ಬಿಡುವುದಿಲ್ಲ.

“ಆ ವಿಮಾನ ನಮ್ದು ಅಂತ ಇನ್ನೂ ಯಾರೂ ಬಾಯಿಬಿಟ್ಟು ಒಪ್ಪಿಲ್ರಿ ಸರ್. ಒಪ್ಪದವರ ಮ್ಯಾಲೆ ಕೇಸ್ ಹ್ಯಾಂಗ ಹಾಕೂದು?” ಎಂದಳು.

ನನಗೆ ತಡೆಯಲಾಗಲಿಲ್ಲ. “ಲಾರಿಗೆ ಸಿಕ್ಕ ಎಮ್ಮಿಗೂ ನಾ ಪರಿಹಾರ ಕೊಡಿಸೀನಿ, ತಾಯಿ,” ಎಂದೆ.

“ಎಮ್ಮಿಗೆ ಪಂಚನಾಮೆ ಆಗಿರ್ತದ್ರಿ. ಇಲ್ಲಿ ಪಂಚನಾಮೆ ಮಾಡಾವ್ರ ಯಾರು?”

ನಸ್ರೀನ್ ತನ್ನ ಅರ್ಜಿಯ ಬಗ್ಗೆ ಕೇಳಿದಳು. ಸತ್ತ ಅಣ್ಣನ ಹೆಸರು ಹೇಳುವುದು ಅಪರಾಧವಲ್ಲ, ಆದರೆ ಅರ್ಜಿ ನೋಡುವವರ ಮನಸ್ಸಿನಲ್ಲಿ ಏನು ಬರುತ್ತದೋ ತಾನು ಭರವಸೆ ಕೊಡಲಾರೆ ಎಂದು ಶೈಲಜಾ ನೇರವಾಗಿ ಹೇಳಿದಳು. ನಸ್ರೀನ್ ಎದ್ದು ಕೆಳಗೆ ಹೋದಳು. ಸೀರೆ ಅಂಗಡಿಯ ಮುಂದೆ ನಿಂತು ಗಂಡನೊಂದಿಗೆ ಮೊಬೈಲಿನಲ್ಲಿ ಮಾತಾಡುವುದು ಕಿಟಕಿಯಿಂದ ಕಾಣುತ್ತಿತ್ತು. ಮಳೆ ಜೋರಾದರೂ ಒಳಗೆ ಸರಿಯಲಿಲ್ಲ. ಆಮೇಲೆ ಒದ್ದೆ ದುಪಟ್ಟಾದಲ್ಲೇ ಮೇಲೆ ಬಂದು, ಪತ್ರಿಕೆಗೆ ಫೋನ್ ಹಚ್ಚಿಕೊಡಲು ಹೇಳಿದಳು. ಆ ಯುವಕನಿಗೆ ತನ್ನ ಹೆಸರನ್ನೂ ಅಣ್ಣನ ಹೆಸರನ್ನೂ ಅಕ್ಷರ ಬಿಡಿಸಿ ತಾನೇ ಹೇಳಿದಳು.

ಹಿಂತಿರುಗುವಾಗ ಮೈಲ್ ಎಂಡ್‌ನಲ್ಲಿ ಗಾಡಿ ಬದಲಿಸಿದೆವು. ಆಫೀಸು ಬಿಡುವ ಹೊತ್ತು, ಕಾಲಿಡಲು ಜಾಗವಿಲ್ಲ. ಗಂಡ ಏನೆಂದ ಎಂದು ಕೇಳಿದೆ. ಅರ್ಜಿ ಬಿದ್ದುಹೋದರೆ ಪಶ್ಚಾತ್ತಾಪ ಪಡುವುದಿಲ್ಲವೇ ಎಂದು ಕೇಳಿದನಂತೆ. ಪಡುತ್ತೇನೆ, ಸುಮ್ಮನಿದ್ದರೂ ಪಡುತ್ತೇನೆ ಎಂದಳಂತೆ. ಹಾಗಾದರೆ ಹೇಳಿಬಿಡು ಎಂದನಂತೆ.

ನಾನು ಹೊರಡುವ ಹಿಂದಿನ ದಿನ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ತಿದ್ದುಪಡಿ ಬಂತು. ಸತ್ತವರಲ್ಲಿ ಒಬ್ಬನಾದ ಗುಲ್ ರಹೀಮ್ ಬಾಡಿಗೆ ಗಾಡಿಯ ಚಾಲಕ ಎಂದು ಅವನ ತಂಗಿ ನಸ್ರೀನ್ ತಿಳಿಸಿದ್ದಾರೆ. ಸುಮಂಗಲಾಳ ಅಡುಗೆಮನೆಯಲ್ಲಿ ಅದನ್ನು ಉರ್ದುವಿಗೆ ತಿರುಗಿಸಿ ಓದಿದೆ. ನಸ್ರೀನ್ ಅಳುತ್ತಾಳೆಂದುಕೊಂಡಿದ್ದೆ. ಅವಳು, “ಉಳಿದ ಮೂವರು?” ಎಂದಳು.

ಉಳಿದ ಮೂವರು ಉಗ್ರರಾಗಿಯೇ ಇದ್ದರು. ಅವಳ ಅಣ್ಣನನ್ನು ಬೇರ್ಪಡಿಸಿದ ಮೇಲೆ ಆ ಸಾಲು ಇನ್ನಷ್ಟು ನಿಜವಿದ್ದಂತೆ ಕಾಣುತ್ತಿತ್ತು.

ಮರುದಿನ ನಾನು ಹೀಥ್ರೂಗೆ ಕಾರು ಹತ್ತುವಾಗ ಗಂಡ ಹೆಂಡತಿ ಇಬ್ಬರೂ ಸ್ಟೇಷನ್ನಿನ ಕಡೆ ನಡೆದು ಹೋಗುತ್ತಿದ್ದರು. ನಸ್ರೀನ್ ಕೈ ಬೀಸಿದಳು. ಅವನು ತಲೆ ತಗ್ಗಿಸಿ ಮುಂದೆ ಮುಂದೆ ನಡೆಯುತ್ತಿದ್ದ.

ಅವರು ಮತ್ತೆ ಪತ್ರಿಕಾ ಕಚೇರಿಗೆ ಹೋಗಿ ಏನಾಯಿತೆಂದು ಊರಿಗೆ ಬಂದ ಮೇಲೆ ಸುಮಂಗಲಾ ಫೋನಿನಲ್ಲಿ ಹೇಳಿದಳು. ಆ ಮೂವರಿಗೆ ನೀವು ಸಂಬಂಧಿಕರಲ್ಲ, ಅವರ ಮನೆಯವರೇ ಬಂದು ಹೇಳಲಿ ಎಂದರಂತೆ. ಆ ಮನೆಯಲ್ಲಿ ಉಳಿದಿರುವುದು ವ್ಯಾಪಾರಿಯ ಹೆಂಡತಿ ಒಬ್ಬಳೇ.