ಸರ್ಜಾಪುರದ ಮಳೆ, ದಾಸರಹಳ್ಳಿಯ ಬಟ್ಟೆ

ನನ್ನ ಫೋನಿಗೆ ಬರುವ ಮಳೆ ನಮ್ಮ ಬೀದಿಯದಲ್ಲ. ಅದು ಸರ್ಜಾಪುರದ ಆಚೆ ಇರುವ ಅತ್ತಿಗೆಯ ಹೊಲದ ಮಳೆ. ನಾನಿರುವುದು ದಾಸರಹಳ್ಳಿಯಲ್ಲಿ, ಈ ತುದಿಗೆ. ಒಂದೇ ಬೆಂಗಳೂರು ಅನ್ನುತ್ತಾರೆ. ಮೆಟ್ರೋ ಹತ್ತಿ, ಬಸ್ಸು ಬದಲಾಯಿಸಿ ತವರಿಗೆ ಹೋಗಿ ಬರುವಷ್ಟರಲ್ಲಿ ದಿನವೇ ಮುಗಿದಿರುತ್ತದೆ.

ಅಣ್ಣ ತೀರಿಕೊಂಡ ಮೇಲೆ ಇರುವ ಚೂರು ರಾಗಿ ಹೊಲವನ್ನು ಅತ್ತಿಗೆಯೇ ನೋಡಿಕೊಳ್ಳುತ್ತಾಳೆ. ನಾನು ಲಂಗ ಹಾಕಿಕೊಂಡು ಓಡಾಡುವಾಗ ನಮ್ಮ ಮನೆಗೆ ಬಂದು ನನಗೆ ಜಡೆ ಹಾಕಿದವಳು. ಅದಕ್ಕೇ ಇಂದಿಗೂ ಏಕವಚನ. ರೈತ ಸಂಪರ್ಕ ಕೇಂದ್ರದಲ್ಲಿ ಹವಾಮಾನದ ಮೆಸೇಜಿಗೆ ನಂಬರು ಕೇಳಿದ ದಿನ ಅವಳ ಜೊತೆ ನಾನೂ ಇದ್ದೆ. ಅವಳ ಹಳೇ ಬಟನ್ ಫೋನಿನಲ್ಲಿ ಕನ್ನಡ ಅಕ್ಷರವೆಲ್ಲ ಚೌಕ ಚೌಕವಾಗಿ ಕಾಣುತ್ತಿತ್ತು.

"ಇವ್ಳ ನಂಬರ್ ಆಕ್ಕಳಿ ಸಾ, ಓದಿ ಏಳ್ತಾಳೆ," ಅಂದಳು.

ಹಾಗೆ ಶುರುವಾಯಿತು. ನಮ್ಮ ಯಜಮಾನರು ಪೀಣ್ಯದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಹಗಲೆಲ್ಲ ಮಲಗುತ್ತಾರೆ. ಮಗಳನ್ನು ದೂರ ಕೊಟ್ಟಿದ್ದೇವೆ. ಪಾತ್ರೆ ಸದ್ದಾಗದಂತೆ ದಿನ ದೂಡುವ ಮನೆ ನನ್ನದು. ಮೆಸೇಜು ಬಂದರೆ ಬಾಲ್ಕನಿ ಬಾಗಿಲು ಎಳೆದುಕೊಂಡು, ತುಳಸಿ ಪಕ್ಕ ಕೂತು ಅತ್ತಿಗೆಗೆ ಫೋನು ಮಾಡುತ್ತಿದ್ದೆ. ಮಳೆ, ಗಾಳಿ, ಗೊಬ್ಬರ ಯಾವಾಗ ಹಾಕಬೇಕು ಅನ್ನುವುದು. ಓದಲು ಎಷ್ಟು ಹೊತ್ತು ಬೇಕು? ಆಮೇಲೆ ಅವಳ ಹಸು, ಅವರೆ, ಬೇಲಿಯಾಚೆ ಅಪಾರ್ಟ್‌ಮೆಂಟಿನವರು ಎಸೆಯುವ ಕಸ. ನಾನು ದಿನದಲ್ಲಿ ಬಾಯಿ ಬಿಟ್ಟು ಆಡುತ್ತಿದ್ದ ಮಾತು ಅಷ್ಟೇ. ದೀಪ ಹಚ್ಚುವಾಗ ಅದನ್ನೂ ಸೇರಿಸಿ ಮಾರಮ್ಮನಿಗೆ ಕೈ ಮುಗಿಯುತ್ತಿದ್ದೆ. ಸುಮ್ಮಸುಮ್ಮನೆ ಫೋನು ಮಾಡಲು ನನಗೆ ಸಂಕೋಚ. ಮೆಸೇಜು ಆ ಸಂಕೋಚ ಬಿಡಿಸಿತ್ತು.

ಅಭ್ಯಾಸ ಎಲ್ಲಿಗೆ ಮುಟ್ಟಿತೆಂದರೆ, ಅಲ್ಲಿಗೆ ಮಳೆ ಅಂತ ಬಂದರೆ ಇಲ್ಲಿ ತಾರಸಿ ಮೇಲಿನ ಬಟ್ಟೆ ತೆಗೆಯುತ್ತಿದ್ದೆ. ಮೇಲಿನ ಮನೆಯಾಕೆಗೆ ನಗು.

"ಏನಕ್ಕಾ, ಇಷ್ಟು ಬಿಸಿಲಲ್ಲಿ ಬಟ್ಟೆ ಎತ್ಕೊಂಡು ಹೋಗ್ತಿದೀರ? ಇನ್ನೂ ಒದ್ದೆ ಇದೆ ಕಣ್ರೀ!"

ಒಂದು ಕಾರ್ತಿಕದಲ್ಲಿ ರಾಗಿ ಕುಯ್ಲಿಗೆ ಬಂದಿತ್ತು. ಮಾರನೆಯ ದಿನಕ್ಕೆ ಆಳು ಗೊತ್ತು ಮಾಡಿಯಾಗಿತ್ತು. ಆಗ ಬಂತು ಮೆಸೇಜು: ಎರಡು ದಿನ ಮಳೆಯ ಸಾಧ್ಯತೆ, ಕಟಾವು ಮುಂದೂಡಿ.

"ಬಾನು ಗಾಜಿನಂಗೈತೆ ಅಮ್ಮಣ್ಣಿ," ಅಂದಳು ಅತ್ತಿಗೆ. "ಬ್ಯಾಡ ಅಂದ್ರೆ ಆಳುಗಳು ಬಿಲ್ಡಿಂಗ್ ಕೆಲ್ಸಕ್ಕೆ ಓಯ್ತಾರೆ. ಮತ್ತೆ ಸಿಗ್ತಾರಾ?"

"ಮಳೆ ಬರಬೋದು ಅಂತ ಹಾಕಿದಾರೆ ಅತ್ತಿಗೆ."

"ಬರಬೋದು ಅಂದ್ರೆ? ಬತ್ತದಾ, ಇಲ್ವಾ?"

"ಅಷ್ಟು ಖಚಿತವಾಗಿ ಅವರೂ ಹೇಳಲ್ಲ."

"ಅಷ್ಟ್ ಮಾತ್ರ ನಮ್ಮಜ್ಜಿನೂ ಏಳ್ತಿದ್ಲು ಬುಡು!"

ಆದರೂ ಆಳುಗಳನ್ನು ನಿಲ್ಲಿಸಿದಳು. ಮಾರನೆಯ ದಿನ ಸುಡು ಬಿಸಿಲು. ಅವಳೇ ಫೋನು ಮಾಡಿದಳು: "ಏನಮ್ಮಣ್ಣಿ, ಮಳೆ ನಿನ್ ಫೋನೊಳ್ಗೇ ಉಯ್ತಾ ಐತಾ?" ನಕ್ಕಳು, ಆದರೆ ಅದು ಅವಳ ನಗು ಅಲ್ಲ. ಅಂದು ನಾನು ಊಟ ಮಾಡಲಿಲ್ಲ. ದೇವರ ಮುಂದೆ ಕೂತು ಮಳೆ ಬರಲಿ ಎಂದು ಬೇಡಲೂ ಆಗಲಿಲ್ಲ. ಅತ್ತಿಗೆಯ ಪಕ್ಕದ ಹೊಲದವರು ಕುಯ್ದು ಹಾಸಿದ್ದ ರಾಗಿ ನೆಲದಲ್ಲಿತ್ತಲ್ಲ.

ಅದರ ಮಾರನೆಯ ದಿನ ಮಳೆ ಬಂತು, ಬಿಡದೆ ಸುರಿಯಿತು. ಪಕ್ಕದವರ ತೆನೆ ನೆಲದಲ್ಲೇ ಮೊಳಕೆಯೊಡೆಯಿತು. ಅತ್ತಿಗೆಯದು ಒಂದು ಮೂಲೆ ಮಲಗಿತು, ಉಳಿದದ್ದು ನಿಂತಿತು. ಬಿಸಿಲು ಬಂದ ಮೇಲೆ ಅವಳೂ ಒಂದಿಬ್ಬರು ನೆಂಟರೂ ಸೇರಿ ನಿಧಾನಕ್ಕೆ ಕುಯ್ದರು. ಹಿಟ್ಟು ಮಾಡಿಸಿ ನನಗೂ ಕಳಿಸಿದಳು. ಆ ಹಿಟ್ಟಿನ ಮೊದಲ ಮುದ್ದೆಯನ್ನು ಎಡೆ ಇಟ್ಟೆ.

ಆ ಕುಯ್ಲಾದ ಮೇಲೆ ಅತ್ತಿಗೆಗೆ ಹವಾಮಾನದ ಮೆಸೇಜಿನ ಮೇಲೆ ನಂಬಿಕೆ ಕೂತಿತು. ಊರಿಗೆ ಬಂದ ಯಾರೋ, ಯಾವ ಫೋನಿಗಾದರೂ ಕರೆ ಬಂದು ರೆಕಾರ್ಡಾದ ದನಿಯಲ್ಲೇ ಹವಾಮಾನ ಹೇಳುವ ಏರ್ಪಾಟು ಮಾಡಿದಾಗ ಮೊದಲು ನಂಬರು ಬರೆಸಿದವಳು ಅವಳೇ.

"ಒಂದು ಎಣ್ಮಗ ಮಾತಾಡ್ತದೆ ಕಣೆ, ನಿನ್ ತರಾನೇ," ಎಂದು ಸಂಭ್ರಮದಿಂದ ಹೇಳಿದಳು. "ನಾನ್ ಬೈದ್ರೂ ಸುಮ್ಕಿರ್ತದೆ, ನಿನ್ನಂಗೆ ಎದುರು ಮಾತಾಡಕಿಲ್ಲ! ಪಾಪ, ಅವ್ರು ಮಲಗಿರೋ ಒತ್ತಲ್ಲಿ ನಿಂಗೂ ತೊಂದ್ರೆ ತಪ್ತು."

ತೊಂದರೆಯೇ ಆಗಿರಲಿಲ್ಲ ಅನ್ನಬೇಕೆಂದುಕೊಂಡೆ. "ಒಳ್ಳೇದಾಯ್ತು ಬಿಡು ಅತ್ತಿಗೆ," ಅಂದೆ. ಒಳ್ಳೆಯದೇ ಆಗಿತ್ತು. ನಾನು ಸ್ನಾನಕ್ಕೆ ಹೋಗಿದ್ದಾಗ, ನನ್ನ ಫೋನು ಚಾರ್ಜಿಲ್ಲದೆ ಬಿದ್ದಿದ್ದಾಗ ಅವಳ ಹೊಲ ಇನ್ನು ಕಾಯಬೇಕಾಗಿಲ್ಲ.

ಈಗ ಹಬ್ಬಕ್ಕೆ ಮಾತಾಡುತ್ತೇವೆ. ಮೆಸೇಜು ಮಾತ್ರ ನನಗೂ ಬರುತ್ತಲೇ ಇದೆ. ನಿಲ್ಲಿಸಿ ಎಂದು ನಾನು ಯಾರಿಗೂ ಹೇಳಿಲ್ಲ. ಮೊನ್ನೆ ಮಧ್ಯಾಹ್ನವೂ ಬಂತು, ಸಂಜೆಗೆ ಗುಡುಗು ಸಹಿತ ಮಳೆ ಎಂದು. ಬಾಲ್ಕನಿಯ ಬಾಗಿಲು ಎಳೆದುಕೊಂಡು ತುಳಸಿ ಪಕ್ಕ ಕೂತೆ. ಅತ್ತಿಗೆಯ ನಂಬರು ತೆಗೆದೆ. ಅವಳಿಗೆ ಆಗಲೇ ತಿಳಿದಿರುತ್ತದೆ, ಕಣದಲ್ಲಿ ಹರಡಿದ್ದನ್ನು ಬಾಚುತ್ತಿರುತ್ತಾಳೆ, ಕೈ ಬಿಡುವಿರುವುದಿಲ್ಲ. ಫೋನು ಕೆಳಗಿಟ್ಟೆ.

ತಾರಸಿಗೆ ಹೋಗಿ ಬಟ್ಟೆ ತೆಗೆದೆ. ಮೇಲಿನ ಮನೆಯಾಕೆ ಈಗ ನಗುವುದನ್ನೂ ಬಿಟ್ಟಿದ್ದಾಳೆ. ಒದ್ದೆ ಸೀರೆಯನ್ನು ಒಳಗೆ ಬಾಗಿಲ ಮೇಲೆ ಹರವಿದೆ. ಸಂಜೆ ದೀಪ ಹಚ್ಚುವವರೆಗೂ ಇಲ್ಲಿ ಒಂದು ಹನಿ ಬೀಳಲಿಲ್ಲ.

ಅಲ್ಲಿ ಬಿದ್ದಿರುತ್ತದೆ. ಅತ್ತಿಗೆಯ ಕಾಳು ಒಳಗೆ ಸೇರಿರುತ್ತದೆ. ತಾಯಿ, ಅಷ್ಟು ನಡೆಸಿಕೊಟ್ಟೆಯಲ್ಲ ಎಂದು ಕೈ ಮುಗಿದೆ.